ಬರೀ ಒಂದು ಸಹಿ ಅಲ್ವಾ ತಂಗಿ?

"ಏನಿಲ್ಲ ತಂಗಿ, ಬರೀ ಒಂದು ಸಹಿ. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ಬಾ, ರಾತ್ರಿಯೊಳಗೆ ವಾಪಸ್ ಮನೆ ಸೇರ್ತೀಯ."

ಅಂಕೋಲೆಯಿಂದ ಅಣ್ಣನ ಫೋನು ಬಂದಾಗ ನನ್ನ ಗೆಳತಿ ಹುಬ್ಬಳ್ಳಿಯ ತನ್ನ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಳು. 2025ರ ದಸರಾ ಮುಗಿದು ನಾಲ್ಕು ದಿನ ಆಗಿತ್ತಷ್ಟೇ. ತವರುಮನೆಗೆ ಕಾರವಾರದ ಕಡೆಯ ಗಿರಾಕಿ ಸಿಕ್ಕಿದ್ದಾರೆ, 60 ಲಕ್ಷಕ್ಕೆ ಮಾತಾಗಿದೆ, ಕಾಗದಪತ್ರವೆಲ್ಲ ರೆಡಿ. ಅಪ್ಪ 2001ಕ್ಕೂ ಮೊದಲು ಕಟ್ಟಿಸಿದ ಮನೆ ಅದು. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಖಾತೆಯಲ್ಲಿ ಅಣ್ಣ, ಇವಳು ಮತ್ತು ತಂಗಿ, ಮೂವರ ಹೆಸರೂ ಜಂಟಿಯಾಗಿ ಸೇರಿತ್ತು. ಆದ್ದರಿಂದ ಮೂವರೂ ಬಂದು ಸಹಿ ಹಾಕಲೇಬೇಕು.

ಗೆಳತಿ "ಆಯ್ತು ಅಣ್ಣ" ಅಂದೇಬಿಟ್ಟಿದ್ದಳು. ಬಿ.ಕಾಂ. ಓದುವ ಮಗಳು ಮಾತ್ರ ಸುಮ್ಮನಿರಲಿಲ್ಲ. "ಮಾವ, ಪತ್ರದ ಕರಡು ವಾಟ್ಸಾಪ್ ಮಾಡಿ, ಒಂದ್ಸಲ ನೋಡ್ತೀನಿ" ಅಂತ ತಾನೇ ಫೋನ್ ಮಾಡಿದಳು. ಬಂದ ಎಂಟು ಪುಟ ಓದಿದಾಗ ಮೂರು ವಿಷಯ ಕಣ್ಣಿಗೆ ಬಿತ್ತು. ಅಮ್ಮನ ಹೆಸರು ಪತ್ರದಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಆ ಪ್ಯಾನ್ ಆಧಾರ್‌ಗೆ ಜೋಡಣೆಯೇ ಆಗಿಲ್ಲ. ಮತ್ತೆ ಪತ್ರದಲ್ಲಿ ಮಾರುವವರು ಮೂವರು, ಆದರೆ ಹಣ ಸಂದಾಯವಾಗುವ ಖಾತೆ ಒಂದೇ, ಅದು ಅಣ್ಣನದು.

ಅಣ್ಣ ಮೋಸಗಾರನೇನಲ್ಲ. ಎಲ್ಲ ಓಡಾಟ ಅವನದೇ, ಬ್ಯಾಂಕಿನವರು ಕೇಳಿದಾಗ ತನ್ನ ಪಾಸ್‌ಬುಕ್ ಕೊಟ್ಟಿದ್ದ, ಅಷ್ಟೇ. ಬಹಳಷ್ಟು ಮನೆಗಳಲ್ಲಿ ಆಗುವುದು ಹೀಗೇ. ಕೆಟ್ಟ ಉದ್ದೇಶ ಯಾರದ್ದೂ ಇರೋದಿಲ್ಲ, ಆದರೆ ಮುಂದಿನ ವರ್ಷ ತೆರಿಗೆ ಇಲಾಖೆಯ ಪತ್ರ ಬರುವುದು ಹಣವನ್ನೇ ನೋಡದ ತಂಗಿಯ ಹೆಸರಿಗೆ.

ಯಾವ ಹೆಸರು ನಿಮ್ಮದು?

ನಮ್ಮ ಕರಾವಳಿಯ ಎಷ್ಟೋ ಮನೆತನಗಳಲ್ಲಿ ಮದುವೆಯ ದಿನವೇ ಹುಡುಗಿಯ ಹೆಸರು ಬದಲಾಗುತ್ತಿತ್ತು. ಅಡ್ಡಹೆಸರು ಮಾತ್ರವಲ್ಲ, ಕರೆಯುವ ಹೆಸರೂ. ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದ ಹೊಸ ಹೆಸರು ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಎಲ್ಲಕ್ಕೂ ಹೋಗುತ್ತದೆ. ತವರಿನ ಪಹಣಿಯಲ್ಲಿ, ನಗರಸಭೆಯ ಖಾತೆಯಲ್ಲಿ, ಶಾಲೆಯ ಸರ್ಟಿಫಿಕೇಟಿನಲ್ಲಿ ಮಾತ್ರ ಹಳೇ ಹೆಸರು ಹಾಗೇ ಕೂತಿರುತ್ತದೆ. ಮೂವತ್ತು ವರ್ಷ ಯಾರಿಗೂ ಅದು ತೊಂದರೆ ಕೊಡೋದಿಲ್ಲ. ಆಸ್ತಿ ಮಾರುವ ದಿನ ಎರಡು ಹೆಸರೂ ಒಂದೇ ಟೇಬಲ್ಲಿನ ಮೇಲೆ ಬಂದು ಕೂರುತ್ತವೆ.

ಇದಕ್ಕೆ ದಾರಿ ಇದೆ. ಪತ್ರದಲ್ಲಿ ಎರಡೂ ಹೆಸರನ್ನು "ಉರ್ಫ್" ಎಂದು ಸೇರಿಸಿ ಬರೆಸಬೇಕು. ಜೊತೆಗೆ ಮದುವೆ ನೋಂದಣಿ ಪತ್ರವೋ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟೋ ಇರಬೇಕು. ದಸ್ತಾವೇಜು ಬರೆಯುವವರಿಗೆ ಇದೆಲ್ಲ ರೂಢಿ. ಆದರೆ ನೀವು ಹೇಳದಿದ್ದರೆ ಅವರಿಗೆ ಗೊತ್ತಾಗೋದು ಹೇಗೆ?

ಪ್ಯಾನ್ ವಿಷಯ ಇದಕ್ಕಿಂತ ದುಬಾರಿ. ಆಧಾರ್‌ಗೆ ಜೋಡಿಸದ ಪ್ಯಾನ್ ಕಾರ್ಡುಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ. ಎಫ್.ಡಿ. ಇಡಲು ಅಂತ ಎಂದೋ ಮಾಡಿಸಿ ಬೀರುವಿನಲ್ಲಿಟ್ಟ ಕಾರ್ಡು ಚಾಲ್ತಿಯಲ್ಲಿದೆ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ. ಈಗ ಲೆಕ್ಕ ನೋಡಿ. ಆಸ್ತಿಯ ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ 1ರಷ್ಟು ಟಿ.ಡಿ.ಎಸ್. ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಮೊದಲು ಕೆಲವರು "ಒಬ್ಬೊಬ್ಬರ ಪಾಲು 20 ಲಕ್ಷ ಮಾತ್ರ, ನಮಗೆ ಇದು ಅನ್ವಯಿಸೋಲ್ಲ" ಅನ್ನುತ್ತಿದ್ದರು. 2024ರ ಅಕ್ಟೋಬರ್ 1ರಿಂದ ಆ ಮಾತಿಗೆ ಜಾಗವಿಲ್ಲ. ಪಾಲು ಎಷ್ಟೇ ಇರಲಿ, ನೋಡುವುದು ಒಟ್ಟು ಬೆಲೆಯನ್ನು. ನನ್ನ ಗೆಳತಿಯ 20 ಲಕ್ಷಕ್ಕೆ ಶೇ 1 ಅಂದರೆ 20 ಸಾವಿರ ರೂಪಾಯಿ. ಪ್ಯಾನ್ ಇಲ್ಲದಿದ್ದರೆ ಅಥವಾ ನಿಷ್ಕ್ರಿಯವಾಗಿದ್ದರೆ? ಶೇ 20. ಅಂದರೆ 4 ಲಕ್ಷ! ಪ್ಯಾನ್ ಸರಿಯಾಗುವವರೆಗೆ ಅದರ ರಿಫಂಡೂ ಇಲ್ಲ.

"ನಾಲ್ಕು ಲಕ್ಷವಾ?" ಅಂತ ಗೆಳತಿ ಕೇಳಿದ ದನಿ ನನಗೆ ಇನ್ನೂ ನೆನಪಿದೆ. ತವೆಯ ಮೇಲಿನ ದೋಸೆ ಸೀದು ಹೋಗಿರಬೇಕು.

ಅವಳು ಮಾಡಿದ್ದು ಇಷ್ಟು. ಮೊದಲು ಪ್ಯಾನ್ ಮತ್ತು ಆಧಾರ್ ಎರಡರಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಆಗುವಂತೆ ತಿದ್ದುಪಡಿ ಮಾಡಿಸಿದಳು. ಆಮೇಲೆ 1,000 ರೂ. ಶುಲ್ಕ ಕಟ್ಟಿ ಜೋಡಣೆ. ಇದು ಒಂದು ದಿನದ ಕೆಲಸವಲ್ಲ, ವಾರಗಟ್ಟಲೆ ಹಿಡಿಯುತ್ತದೆ. ಪ್ಯಾನ್ ಯಾವತ್ತೂ ಮಾಡಿಸದೇ ಇದ್ದವರ ಕೆಲಸ ಇನ್ನೂ ಸುಲಭ. ಆಧಾರ್‌ಗೆ ಮೊಬೈಲ್ ನಂಬರು ಸೇರಿದ್ದರೆ ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಇ-ಪ್ಯಾನ್ ಪುಕ್ಕಟೆ ಸಿಗುತ್ತದೆ. ಪ್ಯಾನ್ ಇಲ್ಲದವರಿಗೆ ಅಂತ ಒಂದು ಫಾರ್ಮ್ ಇದೆಯಲ್ಲ ಅಂತ ಕೆಲವರು ಹೇಳ್ತಾರೆ. ನಿಜ, ಆದರೆ ಅದು ಪತ್ರ ನೋಂದಣಿಗೆ ಆಗುತ್ತದೆಯೇ ಹೊರತು ಶೇ 20ರ ಕಡಿತವನ್ನು ತಪ್ಪಿಸುವುದಿಲ್ಲ.

ಹಾಗಾಗಿ ಶುಕ್ರವಾರದ ಸಹಿ ನವೆಂಬರ್ ಕೊನೆಗೆ ಹೋಯಿತು. ಗಿರಾಕಿ ಕೈ ತಪ್ಪಿ ಹೋದರೆ ಎಂಬ ಭಯಕ್ಕೆ ಅಣ್ಣ ಎರಡು ದಿನ ಫೋನೇ ಎತ್ತಲಿಲ್ಲ.

ಫಾರ್ಮಿನಲ್ಲಿ ಏನೇನಿರುತ್ತೆ?

ಈಗ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಕಾವೇರಿ 2.0 ತಂತ್ರಾಂಶದ ಮೂಲಕ ನಡೆಯುತ್ತದೆ. 2023ರಲ್ಲಿ ಬಂದದ್ದು. ಮನೆಯಲ್ಲೇ ಕೂತು ಲಾಗಿನ್ ಆಗಿ ಮಾರುವವರು, ಕೊಳ್ಳುವವರು, ಆಸ್ತಿಯ ವಿವರ ತುಂಬಿ ಪತ್ರದ ಕರಡನ್ನು ಅಪ್‌ಲೋಡ್ ಮಾಡಬೇಕು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದನ್ನು ಪರಿಶೀಲಿಸಿ ಕಟ್ಟಬೇಕಾದ ಶುಲ್ಕ ತಿಳಿಸುತ್ತಾರೆ. ಹಣ ಕಟ್ಟಿ ದಿನ, ವೇಳೆ ಗೊತ್ತು ಮಾಡಿಕೊಂಡು ಹೋದರೆ ಫೋಟೊ, ಹೆಬ್ಬೆಟ್ಟು, ಸಹಿ. ನಿಜವಾದ ಕೆಲಸ ಮುಗಿಯುವುದು ಕಚೇರಿಗೆ ಹೋಗುವ ಮುಂಚೆಯೇ ಅನ್ನೋದು ನೆನಪಿರಲಿ. ಕಚೇರಿಯಲ್ಲಿ ಹತ್ತು ನಿಮಿಷದಲ್ಲಿ ಓದಿ ತಿದ್ದಿಸುತ್ತೇನೆ ಅಂದರೆ ಆಗದ ಮಾತು.

2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಅಂಕೋಲೆಯ ಮನೆಯ ಪತ್ರಕ್ಕೆ ಕಾರವಾರದಲ್ಲಿ ಸಹಿ ಹಾಕಬಹುದು. ನಮ್ಮ ಈ ಪ್ರಕರಣದಲ್ಲೂ ಕೊಳ್ಳುವವರು ಕಾರವಾರವನ್ನೇ ಆರಿಸಿಕೊಂಡರು.

ಕರಡಿನಲ್ಲಿ ಮೊದಲು ನೋಡಬೇಕಾದ್ದು ಎರಡು ಮೊತ್ತಗಳನ್ನು. ಒಂದು ಪ್ರತಿಫಲದ ಮೊತ್ತ, ಅಂದರೆ ನಿಜವಾಗಿ ಮಾತಾದ ಬೆಲೆ. ಇನ್ನೊಂದು ಸರ್ಕಾರದ ಮಾರ್ಗಸೂಚಿ ದರದ ಪ್ರಕಾರ ಬರುವ ಮೌಲ್ಯ. ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕ. ನಿಮ್ಮ ಬೀದಿಯ ಮಾರ್ಗಸೂಚಿ ದರವನ್ನು ಕಾವೇರಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್, 30 ಸಾವಿರ. ಪಟ್ಟಣದಲ್ಲಿ ಸರ್ಚಾರ್ಜ್ ಶೇ 2, ಅದು 6 ಸಾವಿರ. ಗ್ರಾಮ ಪಂಚಾಯ್ತಿ ವ್ಯಾಪ್ತಿಯಾದರೆ ಶೇ 3. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಯಿತು, ಅದು 1.20 ಲಕ್ಷ. ಒಟ್ಟು 4 ಲಕ್ಷದ 56 ಸಾವಿರ. ಸಾಮಾನ್ಯವಾಗಿ ಇದು ಕೊಳ್ಳುವವರ ಖರ್ಚು. "ಅರ್ಧ ನೀವು ಹಾಕಿ" ಅಂತ ಯಾರಾದರೂ ಕೇಳಿದರೆ ಅದು ಕಾನೂನಲ್ಲ, ಚೌಕಾಶಿ.

ಇಷ್ಟು ದುಡ್ಡು ಉಳಿಸಲು ಬೆಲೆ ಕಡಿಮೆ ತೋರಿಸೋಣ, ಉಳಿದದ್ದು ಕೈಯಲ್ಲಿ ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಮೌಲ್ಯ ಕಡಿಮೆ ಅನ್ನಿಸಿದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಕಲಂನಡಿ ಪತ್ರ ಜಿಲ್ಲಾ ನೋಂದಣಾಧಿಕಾರಿಗೆ ಹೋಗುತ್ತದೆ. ಅದು ಕೊಳ್ಳುವವರ ತಲೆನೋವು ಅನ್ನಿ. ನಗದಿನ ತಲೆನೋವು ಮಾತ್ರ ಪೂರ್ತಿ ನಿಮ್ಮದು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಆ ದಂಡ ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನದೇ ಒಂದು ಆಸ್ತಿ ಪ್ರಕರಣದಲ್ಲಿ, 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇವೆಂಬ ದಾವೆ ಬಂದರೆ ಕೋರ್ಟುಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು, ನೋಂದಣಿ ಕಚೇರಿಗಳೂ ಹಾಗೇ ಮಾಡಬೇಕು ಎಂದು ಹೇಳಿತು. ಅಣ್ಣನೋ ಗಂಡನೋ ಬ್ಯಾಗಿನಲ್ಲಿ ತಂದ ಹಣಕ್ಕೆ ಮಾರಿದವರ ಸಾಲಿನಲ್ಲಿರುವ ನೀವೂ ಉತ್ತರ ಕೊಡಬೇಕಾದೀತು, ಜೋಕೆ.

ಆಸ್ತಿಯ ವಿವರದಲ್ಲಿ ಚಕ್ಕುಬಂದಿ ಮತ್ತು ವಿಸ್ತೀರ್ಣ ನೋಡಿ. ಕಾರವಾರ, ಅಂಕೋಲಾ ಕಡೆ ಇದು ಬರೀ ಮಾತಿಗೆ ಹೇಳುವುದಲ್ಲ. ಸೀಬರ್ಡ್ ನೌಕಾನೆಲೆಗೆ, ಕೊಂಕಣ ರೈಲ್ವೆಗೆ, ಆಮೇಲೆ ಹೆದ್ದಾರಿ 66ರ ಚತುಷ್ಪಥಕ್ಕೆ ಅಂತ ಈ ಭಾಗದಲ್ಲಿ ಭೂಮಿ ಹೋಗುತ್ತಲೇ ಬಂದಿದೆ. ಅಜ್ಜನ ಕಾಲದ ಕಾಗದದಲ್ಲಿ ಐದು ಗುಂಟೆ ಇರುತ್ತದೆ. ಅಳೆದರೆ ನಾಲ್ಕೂ ಇರೋದಿಲ್ಲ. ಇಲ್ಲದ ಗುಂಟೆಯನ್ನು ಮಾರಿದ್ದೀರಿ ಅಂತ ಆಮೇಲೆ ಕೊಂಡವರು ಕೇಸು ಹಾಕಿದರೆ ಸಮನ್ಸು ಹುಬ್ಬಳ್ಳಿಗೂ ಬರುತ್ತದೆ. ನಗರಸಭೆ, ಪುರಸಭೆ ವ್ಯಾಪ್ತಿಯ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಇ-ಖಾತೆ ಕಡ್ಡಾಯ. ಪಂಚಾಯ್ತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ಫಾರ್ಮ್ 9 ಮತ್ತು 11ಎ. ಹಿತ್ತಲಿನ ಒಂದು ಭಾಗ ಇನ್ನೂ ಪಹಣಿಯಲ್ಲಿ ಕೃಷಿ ಜಮೀನಾಗಿಯೇ ಇದ್ದು, ಅದರಲ್ಲಿ ತುಂಡು ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕು. ಇವೆಲ್ಲದರಲ್ಲೂ ನಿಮ್ಮ ಹೆಸರು ಹೇಗಿದೆ ಅಂತ ಒಮ್ಮೆ ಕಣ್ಣಾಡಿಸಿ.

ಹಣ ಯಾರ ಖಾತೆಗೆ?

ಗೆಳತಿಗೆ ಕಷ್ಟವಾದದ್ದು ಈ ಪ್ರಶ್ನೆ ಕೇಳುವಾಗ. ಪ್ಯಾನ್ ತಿದ್ದುಪಡಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. "ನನ್ನ ಪಾಲು ನನ್ನ ಖಾತೆಗೇ ಬರಲಿ" ಅಂದರೆ ತವರಿನ ಗಾಳಿಯೇ ಬದಲಾಗುತ್ತದೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಅಣ್ಣ ಕೇಳಿದ. ಅತ್ತಿಗೆ ಏನೂ ಕೇಳಲಿಲ್ಲ, ಅದು ಇನ್ನೂ ಕಷ್ಟ.

ಅವಳು ಕೊಟ್ಟ ಉತ್ತರ ನನಗೆ ಹಿಡಿಸಿತು. "ನಂಬಿಕೆ ಪ್ರಶ್ನೆ ಅಲ್ಲ ಅಣ್ಣ. ಟ್ಯಾಕ್ಸಿನವರು ನನ್ನ ಹೆಸರಲ್ಲಿ 20 ಲಕ್ಷ ಅಂತ ಬರ್ಕೊಂಡಿರ್ತಾರೆ. ನಾಳೆ ದುಡ್ಡೆಲ್ಲಿ ಅಂತ ಕೇಳಿದ್ರೆ ನಿನ್ನ ಪಾಸ್‌ಬುಕ್ ತೋರಿಸ್ಲಾ?"

ಅದು ನಿಜ. ಪತ್ರದಲ್ಲಿ ಮಾರುವವರಾಗಿ ನಿಮ್ಮ ಹೆಸರು, ಪ್ಯಾನ್ ಇದ್ದರೆ ಆ ಪಾಲಿನ ಮಾರಾಟ ನಿಮ್ಮ ತೆರಿಗೆ ದಾಖಲೆಯಲ್ಲಿ ತಾನಾಗಿಯೇ ಮೂಡುತ್ತದೆ. ಹಣ ಯಾರ ಖಾತೆಗೆ ಹೋಯಿತು ಎಂಬುದು ಬೇರೆ ಮಾತು. ಲಾಭದ ಮೇಲಿನ ತೆರಿಗೆ ನಿಮ್ಮದೇ.

ಪಾಲು ಬೇಡ, ಅಣ್ಣನಿಗೇ ಇರಲಿ ಅನ್ನುವ ಅಕ್ಕತಂಗಿಯರೂ ಇದ್ದಾರೆ. ಅದು ಅವರವರ ಇಷ್ಟ. ಆದರೆ ಅರಿಶಿನ ಕುಂಕುಮದ ಹೆಸರಲ್ಲಿ ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಂಡದ್ದನ್ನು ಇಷ್ಟ ಅನ್ನಬಾರದು ಅಂತ ನನ್ನ ಮತ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು, ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬ ತಕರಾರನ್ನೂ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು. ಅಪ್ಪನ ಸ್ವಯಾರ್ಜಿತ ಮನೆಯಾದರೆ, ಉಯಿಲು ಇಲ್ಲದಿದ್ದಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು.

ನಿಜವಾಗಿಯೂ ಬಿಟ್ಟುಕೊಡುವುದಾದರೆ ಮಾರಾಟಕ್ಕೆ ಮುಂಚೆಯೇ ಹಕ್ಕುಬಿಡುಗಡೆ ಪತ್ರ ನೋಂದಣಿ ಮಾಡಿಸಿ. ಕುಟುಂಬದೊಳಗಿನ ಬಿಡುಗಡೆಗೆ ಶೇಕಡಾ ಲೆಕ್ಕದ ದೊಡ್ಡ ಶುಲ್ಕವಿಲ್ಲ. ಆಮೇಲೆ ಮಾರಾಟ ಪತ್ರದಲ್ಲಿ ನಿಮ್ಮ ಹೆಸರೇ ಇರುವುದಿಲ್ಲ, ತೆರಿಗೆಯೂ ಅಣ್ಣನದೇ. ಇಲ್ಲವಾದರೆ ಪಾಲನ್ನು ನಿಮ್ಮ ಖಾತೆಗೆ ಪಡೆದು, ತೆರಿಗೆ ಕಟ್ಟಿ, ಉಳಿದದ್ದನ್ನು ಬ್ಯಾಂಕಿನ ಮೂಲಕ ಅವನಿಗೆ ಉಡುಗೊರೆಯಾಗಿ ಕೊಡಿ. ಒಡಹುಟ್ಟಿದವರ ಉಡುಗೊರೆಗೆ ಪಡೆದವರು ತೆರಿಗೆ ಕಟ್ಟಬೇಕಿಲ್ಲ. ಹೆಸರು ನಿಮ್ಮದು, ಹಣ ಅವನದು ಎಂಬ ಅರ್ಧಂಬರ್ಧ ಏರ್ಪಾಡು ಮಾತ್ರ ಬೇಡ.

ತೆರಿಗೆ ಎಷ್ಟು ಬರಬಹುದು?

"ಗೃಹಿಣಿಗೆ ಎಂಥಾ ಟ್ಯಾಕ್ಸು?" ಅನ್ನೋದು ತಪ್ಪು. ಆದರೆ 20 ಲಕ್ಷಕ್ಕೂ ತೆರಿಗೆ ಅಂತ ಹೆದರುವುದೂ ತಪ್ಪು. ತೆರಿಗೆ ಬೀಳುವುದು ಲಾಭಕ್ಕೆ. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆ ಎಂದು ತೆಗೆದುಕೊಳ್ಳಬಹುದು. ಆ ಕಾಲದ ಮಾರ್ಗಸೂಚಿ ಮೌಲ್ಯವನ್ನು ಮೀರಬಾರದು. ನೋಂದಾಯಿತ ಮೌಲ್ಯಮಾಪಕರಿಂದ ಸರ್ಟಿಫಿಕೇಟ್ ಮಾಡಿಸುತ್ತಾರೆ. ಗೆಳತಿಯ ಪಾಲಿನ 2001ರ ಬೆಲೆ 3 ಲಕ್ಷ ಅಂತಿಟ್ಟುಕೊಳ್ಳಿ. ನೇರ ಲಾಭ 17 ಲಕ್ಷ, ಅದಕ್ಕೆ ಶೇ 12.5ರಂತೆ ತೆರಿಗೆ 2,12,500 ರೂ. ಇನ್ನೊಂದು ದಾರಿ, ಹಣದುಬ್ಬರದ ಸೂಚ್ಯಂಕ ಸೇರಿಸುವುದು. 2025-26ಕ್ಕೆ ಸೂಚ್ಯಂಕ 376. ಅಂದರೆ 3 ಲಕ್ಷ ಎಂಬುದು 11.28 ಲಕ್ಷವಾಗುತ್ತದೆ, ಲಾಭ 8.72 ಲಕ್ಷಕ್ಕಿಳಿಯುತ್ತದೆ, ಶೇ 20ರಂತೆ ತೆರಿಗೆ 1,74,400 ರೂ. ಎರಡರಲ್ಲೂ ಶೇ 4 ಸೆಸ್ ಬೇರೆ. 2024ರ ಜುಲೈ 23ಕ್ಕೆ ಮೊದಲಿನ ಆಸ್ತಿಯಾದರೆ ದೇಶದಲ್ಲೇ ವಾಸವಿರುವವರು ಎರಡರಲ್ಲಿ ಕಡಿಮೆಯದನ್ನು ಕಟ್ಟಬಹುದು. ಬೇರೆ ಆದಾಯವೇ ಇಲ್ಲದ ಗೃಹಿಣಿಗೆ ಮೂಲ ವಿನಾಯಿತಿ ಮಿತಿಯೂ ಸೇರಿ ಇದು ಇನ್ನಷ್ಟು ಇಳಿಯುತ್ತದೆ. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ ಹಣ ತೊಡಗಿಸಿದರೆ ವಿನಾಯಿತಿ ಇದೆ. ಅದಕ್ಕೆ ಒಬ್ಬ ಲೆಕ್ಕಪರಿಶೋಧಕರ ಫೀಸು ಕೊಡುವುದು ದಂಡವಲ್ಲ.

ಅಣ್ಣ ತಮ್ಮಂದಿರಲ್ಲಿ ಒಬ್ಬರು ದುಬೈಯಲ್ಲೋ ಮಸ್ಕತ್ತಿನಲ್ಲೋ ಇದ್ದರೆ ಅವರ ಪಾಲಿಗೆ ಈ ಶೇ 1ರ ಲೆಕ್ಕ ನಡೆಯೋಲ್ಲ. ಅನಿವಾಸಿಗಳಿಗೆ ಕಡಿತ ಬಹಳ ಹೆಚ್ಚು, ಸೂಚ್ಯಂಕದ ಆಯ್ಕೆಯೂ ಇಲ್ಲ. ಅವರ ವಿಷಯವನ್ನು ಮುಂಚೆಯೇ ಮಾತಾಡಿಕೊಳ್ಳಿ.

ಟಿ.ಡಿ.ಎಸ್. ಕಟ್ಟುವ ಫಾರ್ಮಿಗೆ 26ಕ್ಯೂಬಿ ಎಂದು ಹೆಸರು. ಮಾರುವವರು ಮೂವರಾದರೆ ಫಾರ್ಮೂ ಮೂರು, ಒಬ್ಬೊಬ್ಬರ ಪ್ಯಾನ್‌ಗೆ ಒಂದೊಂದು. ಹಣ ಕೊಟ್ಟ ತಿಂಗಳು ಮುಗಿದು 30 ದಿನದೊಳಗೆ ಕೊಂಡವರು ತುಂಬಿ, ನಿಮಗೆ 16ಬಿ ಸರ್ಟಿಫಿಕೇಟ್ ಕೊಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆ ನಂತರದ ಮಾರಾಟವಾದರೆ ಫಾರ್ಮಿನ ಹೊಸ ಹೆಸರನ್ನು ಲೆಕ್ಕಪರಿಶೋಧಕರ ಹತ್ತಿರ ಕೇಳಿಕೊಳ್ಳಿ. ಸರ್ಟಿಫಿಕೇಟ್ ಕೇಳಿ ಪಡೆಯುವುದನ್ನು ಮಾತ್ರ ಬಿಡಬೇಡಿ.

ನವೆಂಬರ್ ಕೊನೆಯ ವಾರ ಗೆಳತಿ ಅರಬೈಲ್ ಘಟ್ಟ ಇಳಿದು ಹೋದಳು. ಕಾರವಾರದ ಕಚೇರಿಯಲ್ಲಿ ಮೂರು ಡಿ.ಡಿ., ಮೂವರ ಹೆಸರಿಗೆ. ಬ್ಯಾಂಕಿನವರು ಹೊಸದಾಗಿ ಮಾಡಿಸಿಕೊಡಲು ಒಂದು ಪತ್ರ ಕೇಳಿದ್ದರಂತೆ, ಅಷ್ಟೇ. ಮಧ್ಯಾಹ್ನದ ಊಟ ಅಣ್ಣನ ಬಾಡಿಗೆ ಮನೆಯಲ್ಲಿ. ಮಾತು ಕಡಿಮೆ ಇತ್ತು, ಮೀನು ಸಾರು ಚೆನ್ನಾಗಿತ್ತು. ಹೊರಡುವಾಗ ಅತ್ತಿಗೆ ಒಂದು ಡಬ್ಬಿ ಮಾವಿನ ಉಪ್ಪಿನಕಾಯಿ ಕೈಗಿಟ್ಟರು.

ಸಂಕ್ರಾಂತಿಯ ಹಿಂದಿನ ದಿನ ಮತ್ತೆ ಅಣ್ಣನ ಫೋನು. "ತಂಗಿ, ಅದೆಂಥದೋ 16ಬಿ ಅಂದಿದ್ದೆಯಲ್ಲ, ನಿನಗೆ ಬಂತಾ? ನನ್ನದಿನ್ನೂ ಬಂದಿಲ್ಲ. ಯಾರ ಹತ್ರ ಕೇಳ್ಬೇಕು ಹೇಳು."